ಡಿಕ್ಕಿಯ ಬೀಗ ತೆಗೆಯುವ ಬೀದಿ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದವರೆಗೆ ಹಾಸಿಕೊಂಡಿರುವ ಜಯಚಾಮರಾಜೇಂದ್ರ ರಸ್ತೆಗೆ ನಗರದ ಜನರ ಬಾಯಲ್ಲಿ ಉಳಿದಿರುವ ಹೆಸರು ಜೆ.ಸಿ. ರಸ್ತೆ. ಮೈಸೂರು ಸಂಸ್ಥಾನದ ಕೊನೆಯ ಅರಸರ ಹೆಸರನ್ನು ಹೊತ್ತ ಈ ಬೀದಿ ಉದ್ದದಲ್ಲಿ ಬಹಳ ದೊಡ್ಡದೇನಲ್ಲ. ಕಾಲು ನೋಯುವ ಮೊದಲೇ ನಡೆದು ಮುಗಿಸಬಹುದು. ಆದರೆ ಹಾಗೆ ನಡೆದು ಮುಗಿಸಿದವರು ವಿರಳ. ಹೆಜ್ಜೆಗೊಂದು ಅಂಗಡಿ, ಅಂಗಡಿಗೊಂದು ಗುಂಪು, ಗುಂಪಿನ ನಡುವೆ ಬಾನೆಟ್ಟು ತೆರೆದು ಬಾಯಿ ಕಳೆದುಕೊಂಡು ನಿಂತ ಒಂದು ಕಾರು. ದಾರಿಹೋಕನು ಒಮ್ಮೆ ಬಗ್ಗಿ, ಒಮ್ಮೆ ಪಕ್ಕಕ್ಕೆ ಸರಿದು, ಒಮ್ಮೆ ಯಾರದೋ ಸೈಲೆನ್ಸರನ್ನು ದಾಟಿ ಮುಂದೆ ಹೋಗಬೇಕು.

ಕಲೆ ಮತ್ತು ಕಬ್ಬಿಣಗಳೆರಡೂ ಒಂದೇ ಬೀದಿಯಲ್ಲಿ ಇಷ್ಟು ಹತ್ತಿರ ಸಂಸಾರ ಹೂಡಿದ್ದನ್ನು ಬೇರೆಡೆ ಕಾಣುವುದು ಕಷ್ಟ. ಒಂದು ತುದಿಯಲ್ಲಿ 1935ರಲ್ಲಿ ತೆರೆದ ಪುಟ್ಟಣ್ಣ ಚೆಟ್ಟಿ ಪುರಭವನ ತನ್ನ ಎತ್ತರದ ಕಂಬಗಳೊಡನೆ ಗಂಭೀರವಾಗಿ ನಿಂತಿದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಗುರುದೇವ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿಸಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ. ಕನ್ನಡದ ಹೊಸ ನಾಟಕಗಳು ಬೆಳಕು ಕಂಡ ರಂಗಮಂದಿರವದು. ಇವುಗಳ ನೆರೆಯಲ್ಲಿಯೇ ಬೇರಿಂಗು, ಬ್ರೇಕು, ಗಾಜು, ಗದ್ದಿಗೆಯ ಹೊದಿಕೆ, ದೀಪ, ಕೊಂಬು, ಕನ್ನಡಿಗಳ ಅಂಗಡಿಗಳು. ಸಂಜೆ ಕಲಾಕ್ಷೇತ್ರದೊಳಗೆ ಮೃದಂಗದ ನಾದ ಏಳುವ ಹೊತ್ತಿಗೆ ಹೊರಗಿನ ಓಣಿಗಳಲ್ಲಿ ಸುತ್ತಿಗೆಯ ತಾಳ ಇನ್ನೂ ನಿಂತಿರುವುದಿಲ್ಲ.

ಒಂದು ಪಕ್ಕಕ್ಕೆ ಕಲಾಸಿಪಾಳ್ಯ, ಇನ್ನೊಂದು ಪಕ್ಕಕ್ಕೆ ಮಾವಳ್ಳಿ. ಈ ಓಣಿಗಳಲ್ಲಿ ಕನ್ನಡ, ದಖ್ಖನಿ ಉರ್ದು, ತಮಿಳು, ಹಿಂದಿಗಳು ಒಂದೇ ವಾಕ್ಯದಲ್ಲಿ ಜಗಳವಿಲ್ಲದೆ ಬಾಳುತ್ತವೆ. ಕೆಲಸ ಬಲ್ಲವನು ಯಾವ ಮತದವನೇ ಇರಲಿ, ಅವನಿಗೆ ಇಲ್ಲಿ ಸಲ್ಲುವ ಬಿರುದು ಒಂದೇ: ಉಸ್ತಾದ್.

ಬಾರದ ಕಾರ್ಖಾನೆ

ಬೆಂಗಳೂರಿಗೆ ಮೋಟಾರಿನ ಮೋಹ ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು ಅಮೆರಿಕಗಳಿಗೆ ಹೋಗಿ, ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಉದ್ಯಮಿಯಾಗಿ ಮುಂದೆ ಬಂದರು. ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಕಾರ್ಖಾನೆಗೆ ಬೆಂಬಲವಾಗಿ ನಿಲ್ಲಲು ಒಪ್ಪಿತ್ತು; ಆದರೆ ಮಹಾಯುದ್ಧದ ಆ ದಿನಗಳಲ್ಲಿ ಬ್ರಿಟಿಷ್ ಭಾರತ ಸರ್ಕಾರದ ಸಹಕಾರ ದೊರೆಯಲಿಲ್ಲ. ಕಾರು ಬರಲಿಲ್ಲ; ಬದಲಿಗೆ ವಿಮಾನ ಬಂದಿತು. 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಮೋಟಾರು ಸಂಸ್ಥೆ 1944ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ.

ಹೀಗೆ ಕಾರು ಹುಟ್ಟುವ ಊರಾಗಬೇಕಿದ್ದ ಬೆಂಗಳೂರು ಬಹುಕಾಲ ಕಾರು ಬದುಕಿಕೊಳ್ಳುವ ಊರಾಗಿ ಉಳಿಯಿತು. ಸಿಪಾನಿ ಸಂಸ್ಥೆ 1970-80ರ ದಶಕಗಳಲ್ಲಿ ಇಲ್ಲಿಯೇ ಚಿಕ್ಕ ಕಾರುಗಳನ್ನು ತಯಾರಿಸಿದ್ದುಂಟು. ಬಿಡದಿಯಲ್ಲಿ ದೊಡ್ಡ ಕಾರ್ಖಾನೆಯೊಂದು ಕೆಲಸ ಆರಂಭಿಸಿದ್ದು 1999ರ ಕೊನೆಗೆ. ಅಂಬಾಸಡರ್ ಮತ್ತು ಫಿಯೆಟ್ ಕಾರುಗಳ ಆ ದೀರ್ಘಯುಗದಲ್ಲಿ ಹೊಸ ಕಾರಿಗೆ ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಕಾದು ಪಡೆದದ್ದನ್ನು ಯಾರೂ ಸುಲಭವಾಗಿ ಬಿಸುಡುವುದಿಲ್ಲ. ಹೊಸ ಬಿಡಿಭಾಗ ಸಿಗದಿದ್ದರೆ ಹಳೆಯದನ್ನು ಬೆಸೆದು, ಅದೂ ಆಗದಿದ್ದರೆ ಬೇರೆ ಬಂಡಿಯ ಭಾಗವನ್ನು ಅರದಿಂದ ಉಜ್ಜಿ ಹೊಂದಿಸಿ, ಮೂವತ್ತು ವರ್ಷದ ಕಾರನ್ನು ಮದುವಣಗಿತ್ತಿಯಂತೆ ಓಡಿಸುವ ವಿದ್ಯೆ ಈ ಓಣಿಗಳಲ್ಲಿ ಬೆಳೆದದ್ದು ಆ ಕೊರತೆಯಿಂದಲೇ.

ಎರಡು ಶಬ್ದ, ನಾಲ್ಕು ಅರ್ಥ

ಕಾರಿನ ಹಿಂಭಾಗದಲ್ಲಿ ಸಾಮಾನು ತುಂಬುವ ಪೆಟ್ಟಿಗೆಯನ್ನು ಅಮೆರಿಕದವರು ಟ್ರಂಕು ಎನ್ನುತ್ತಾರೆ. ಮೊದಮೊದಲ ಕಾರುಗಳ ಬೆನ್ನಿಗೆ ನಿಜವಾದ ಟ್ರಂಕು ಪೆಟ್ಟಿಗೆಯನ್ನೇ ಕಟ್ಟುತ್ತಿದ್ದರು. ಇಂಗ್ಲೆಂಡಿನವರಿಗೆ ಅದು ಬೂಟು. ಕುದುರೆ ಸಾರೋಟಿನ ಸಾಮಾನಿನ ಅರೆಗಿದ್ದ ಹೆಸರು. ಭಾರತದಲ್ಲಿ ಮಾತ್ರ ಅದು ಡಿಕ್ಕಿ. ಸಾರೋಟಿನ ಹಿಂದೆ ಆಳುಕಾಳುಗಳು ಕೂರುತ್ತಿದ್ದ ಪೀಠಕ್ಕೂ, ಮುಂದೆ ಎರಡಾಳಿನ ಕಾರುಗಳ ಬೆನ್ನಿನಲ್ಲಿ ಮಡಿಸಿ ತೆರೆಯುತ್ತಿದ್ದ ಹೆಚ್ಚುವರಿ ಆಸನಕ್ಕೂ ಇಂಗ್ಲಿಷರು ಇಟ್ಟಿದ್ದ ಹೆಸರದು. ಆಸನ ಹೋಯಿತು, ಅದು ಇದ್ದ ಜಾಗಕ್ಕೆ ಹೆಸರು ಉಳಿಯಿತು.

ಕನ್ನಡದಲ್ಲಿ ಆ ಹೆಸರಿಗೆ ಇನ್ನೊಂದು ಸೊಗಸು ಸೇರಿದೆ. ಡಿಕ್ಕಿ ಎಂದರೆ ಹಾಯ್ದು ಹೊಡೆಯುವುದು ಎಂಬ ಅರ್ಥ ನಮ್ಮ ಭಾಷೆಯಲ್ಲಿ ಮೊದಲೇ ಇತ್ತು. ‘ಡಿಕ್ಕಿಗೆ ಡಿಕ್ಕಿ ಹೊಡೆದ’ ಎಂಬ ವಾಕ್ಯವನ್ನು ಈ ಬೀದಿಯಲ್ಲಿ ಯಾರೂ ನಗದೆ ಆಡುತ್ತಾರೆ, ಯಾರೂ ನಗದೆ ಕೇಳುತ್ತಾರೆ. ಬೀಗದ ಕತೆಯೂ ಅಷ್ಟೇ. ಬೀಗವೆಂದರೆ ಕದಕ್ಕೆ ಹಾಕುವುದು. ಬೀಗನೆಂದರೆ ಮಕ್ಕಳನ್ನು ಕೊಟ್ಟು ತಂದ ಮನೆಯ ಯಜಮಾನ. ಎರಡಕ್ಕೂ ಲಕ್ಷಣ ಒಂದೇ ಎಂದು ಗಂಡುಹೆಣ್ಣು ಹೆತ್ತವರು ಹೇಳುವುದುಂಟು: ಬಲಾತ್ಕಾರಕ್ಕೆ ಬಗ್ಗುವುದಿಲ್ಲ, ಎಲ್ಲಿ ಬಿಗಿದುಕೊಂಡಿದೆ ಎಂಬುದನ್ನು ತಿಳಿದವನಿಗೆ ಮಾತ್ರ ತೆರೆದುಕೊಳ್ಳುತ್ತದೆ.

ಡಿಕ್ಕಿಯ ಬೀಗ ಹೊರನೋಟಕ್ಕೆ ಒಂದು ತೂತು, ಒಳಗೆ ಮೂವರ ಸಂಸಾರ. ಮೊದಲನೆಯದು ಬೀಗದ ಕೈ ಹೋಗುವ ಉರುಳೆ. ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟು ಪಡೆದ, ಮನೆಬಾಗಿಲಿಗೆ ಇಂದಿಗೂ ಬಳಕೆಯಲ್ಲಿರುವ ಬೀಗದಲ್ಲಿ ಸಣ್ಣ ಮೊಳೆಗಳಿರುತ್ತವೆ. ಕಾರಿನ ಬೀಗದಲ್ಲಿ ಸಾಮಾನ್ಯವಾಗಿ ಅವುಗಳ ಬದಲು ತೆಳ್ಳನೆಯ ಹಿತ್ತಾಳೆ ಬಿಲ್ಲೆಗಳು. ಪ್ರತಿಯೊಂದರ ಬೆನ್ನಿಗೂ ಒಂದು ಪುಟ್ಟ ಸ್ಪ್ರಿಂಗು. ಸರಿಯಾದ ಕೈ ಒಳಹೊಕ್ಕಾಗ ಬಿಲ್ಲೆಗಳೆಲ್ಲ ತಲೆ ತಗ್ಗಿಸಿ ಉರುಳೆಯ ಮಟ್ಟಕ್ಕೆ ಬರುತ್ತವೆ, ಉರುಳೆ ತಿರುಗುತ್ತದೆ. ಒಂದೇ ಒಂದು ಬಿಲ್ಲೆ ತಲೆ ಎತ್ತಿ ನಿಂತರೂ ತಿರುಗದು. ಎರಡನೆಯದು ಲ್ಯಾಚು, ಎಂದರೆ ಮುಚ್ಚಳದ ಅಂಚಿನಲ್ಲಿರುವ ಕೊಕ್ಕೆಬಾಯಿ. ಅದು ದೇಹದ ಕಡೆ ನೆಟ್ಟ ಉಕ್ಕಿನ ಕೊಂಡಿಯನ್ನು ಕಚ್ಚಿ ಹಿಡಿಯುತ್ತದೆ. ಮೂರನೆಯದು ಸಂಬಂಧ ಕೂಡಿಸುವವರು: ಉರುಳೆಯಿಂದ ಲ್ಯಾಚಿಗೆ ಒಂದು ಸಣ್ಣ ಸರಳು, ಚಾಲಕನ ಆಸನದ ಬಳಿಯ ಹಿಡಿಯಿಂದ ಲ್ಯಾಚಿಗೆ ಒಂದು ಉದ್ದನೆಯ ತಂತಿಯ ಕೇಬಲು. ತೊಂದರೆ ಹೆಚ್ಚಾಗಿ ಬರುವುದು ಈ ಮೂರನೆಯವರಿಂದಲೇ. ಬೈಗಳು ಬೀಳುವುದು ಮಾತ್ರ ಬೀಗಕ್ಕೆ.

ಕಲಾಕ್ಷೇತ್ರದ ಬಾಗಿಲಲ್ಲಿ

ಒಂದು ಸಂಜೆ ಹಳೆಯ ಸೆಡಾನ್ ಕಾರೊಂದು ಕಲಾಕ್ಷೇತ್ರದ ಆವರಣಕ್ಕೆ ಬಂದು ನಿಂತಿತು. ನಡೆಸುತ್ತಿದ್ದವರು ಎಪ್ಪತ್ತು ದಾಟಿದ ವೃದ್ಧರು. ಹಿಂದಿನ ಆಸನದಲ್ಲಿ ಅವರ ಪತ್ನಿ, ರೇಷ್ಮೆ ಸೀರೆ ಉಟ್ಟು, ಮುಡಿಗೆ ಮಲ್ಲಿಗೆ ಇಟ್ಟು, ಎರಡು ಕೈಗಳನ್ನೂ ಮಡಿಲಲ್ಲಿ ಇರಿಸಿಕೊಂಡು ಕುಳಿತಿದ್ದರು. ಪಾರ್ಶ್ವವಾಯುವಿನಿಂದ ಅವರ ಒಂದು ಕಾಲು ಶಕ್ತಿ ಕಳೆದುಕೊಂಡಿತ್ತು. ಅವರ ಗಾಲಿಕುರ್ಚಿ ಮಡಿಸಿದಂತೆ ಡಿಕ್ಕಿಯಲ್ಲಿತ್ತು. ಆರು ಗಂಟೆಗೆ ಒಳಗೆ ಮೊಮ್ಮಗಳ ರಂಗಪ್ರವೇಶ. ಗಡಿಯಾರದಲ್ಲಿ ಐದು ದಾಟಿತ್ತು.

ಯಜಮಾನರು ಆಸನದ ಬಳಿಯ ಹಿಡಿಯನ್ನು ಎಳೆದರು. ‘ಟಪ್’ ಎಂಬ ಸದ್ದಾಯಿತು, ಹಿಡಿ ಕೈಗೆ ಸಡಿಲವಾಗಿ ಬಂದಿತು, ಡಿಕ್ಕಿ ತೆರೆಯಲಿಲ್ಲ. ಇಳಿದು ಬಂದು ಬೀಗದ ಕೈ ಹಾಕಿ ತಿರುಗಿಸಿದರು. ಕೈ ಯಾವ ಅಡ್ಡಿಯೂ ಇಲ್ಲದೆ ತಿರುಗಿತು; ಡಿಕ್ಕಿ ತೆರೆಯಲಿಲ್ಲ. ಸುತ್ತ ಸೇರಿದವರಲ್ಲಿ ಒಬ್ಬರು ಸಬ್ಬಲ್ ತರುವ ಸಲಹೆ ಕೊಟ್ಟರು; ಇನ್ನೊಬ್ಬರು ಮುಚ್ಚಳವನ್ನು ಗುದ್ದಿ ನೋಡಿದರು. ಬಂಧುಗಳಾದ ಇಬ್ಬರು ತರುಣರು ಅಜ್ಜಿಯನ್ನು ಎತ್ತಿಕೊಂಡೇ ಒಳಗೆ ಕರೆದೊಯ್ಯಲು ಮುಂದಾದರು. ಆಕೆ ಮೆಲ್ಲಗೆ ತಲೆಯಾಡಿಸಿದರು.

“ಬೇಡಪ್ಪ. ಮಗು ಪರದೆಯ ಸಂದಿಯಿಂದ ನೋಡುತ್ತಿರುತ್ತಾಳೆ. ಅಜ್ಜಿಯನ್ನು ಹೊತ್ತು ತಂದರು ಎಂದು ಅವಳ ಮನಸ್ಸಿಗೆ ಬಂದರೆ ಹೆಜ್ಜೆ ತಪ್ಪೀತು. ಕುರ್ಚಿ ಬರಲಿ, ಹೋಗೋಣ.”

ಓಣಿಯಿಂದ ಉಸ್ತಾದರನ್ನು ಕರೆತಂದರು. ನರೆತ ಗಡ್ಡ, ಎಣ್ಣೆಯ ಕಲೆಯ ಅಂಗಿ, ಜೊತೆಗೊಬ್ಬ ತರುಣ ಶಿಷ್ಯ. ಅವರು ಬಂದವರೇ ಬೀಗವನ್ನು ಮುಟ್ಟಲಿಲ್ಲ. ಮೊದಲು ಆ ತಾಯಿಗೆ ನಮಸ್ಕಾರ ಹೇಳಿ, ಆಮೇಲೆ ಯಜಮಾನರ ಕಡೆ ತಿರುಗಿ ವೈದ್ಯನು ರೋಗಿಯ ಮನೆಯವರನ್ನು ಕೇಳುವಂತೆ ಕೇಳತೊಡಗಿದರು.

“ಹಿಡಿ ಇವತ್ತೇ ಸಡಿಲವಾಯಿತೆ, ಮೊದಲಿಂದಲೇ ಬಿಗಿ ಇತ್ತೆ?”

ಆರು ತಿಂಗಳಿಂದ ಬಿಗಿಯಾಗುತ್ತ ಬಂದಿತ್ತು ಎಂದು ಯಜಮಾನರು ಹೇಳಿದರು.

“ಮುಚ್ಚುವಾಗ ಒಂದೇ ಸಲಕ್ಕೆ ಮುಚ್ಚುತ್ತಿತ್ತೆ?”

ಇಲ್ಲ, ಎರಡು ಮೂರು ಸಲ ಬಡಿಯಬೇಕಿತ್ತು.

“ಹಿಂದಿನಿಂದ ಯಾರಾದರೂ ಡಿಕ್ಕಿ ಹೊಡೆದದ್ದುಂಟೆ?”

ದೀಪಾವಳಿಯ ಸಮಯದಲ್ಲಿ ಆಟೋ ಒಂದು ತಾಗಿತ್ತು. ಬಣ್ಣ ಕೂಡ ಹೋಗಿರಲಿಲ್ಲವಾದ್ದರಿಂದ ಅದನ್ನು ಅಲ್ಲಿಗೇ ಬಿಟ್ಟಿದ್ದರು.

“ಬೀಗದ ಕೈಯಿಂದ ತೆರೆದು ಎಷ್ಟು ದಿನವಾಯಿತು?”

ಯಜಮಾನರಿಗೆ ನೆನಪಾಗಲಿಲ್ಲ. ಹಿಡಿ ಇರುವಾಗ ಕೈ ಏಕೆ ಎಂದು ವರ್ಷಗಳಿಂದ ಅದನ್ನು ಉಪಯೋಗಿಸಿಯೇ ಇರಲಿಲ್ಲ.

ಉಸ್ತಾದರಿಗೆ ಅಷ್ಟು ಸಾಕಾಯಿತು. ಬೀಗದ ಕೈ ಒಳಹೋಗುತ್ತದೆ, ತಿರುಗುತ್ತದೆ. ಆದುದರಿಂದ ಬಿಲ್ಲೆಗಳಲ್ಲಿ ದೋಷವಿಲ್ಲ. ಆದರೆ ತಿರುಗುವಾಗ ಕೈಗೆ ಯಾವ ಭಾರವೂ ತಟ್ಟುವುದಿಲ್ಲ. ಆದುದರಿಂದ ಉರುಳೆಗೂ ಸರಳಿಗೂ ಸಂಬಂಧ ಕಡಿದಿದೆ. ಹಿಡಿ ಮೊದಲು ಬಿಗಿಯಾಗಿ, ಆಮೇಲೆ ಸದ್ದು ಮಾಡಿ ಸಡಿಲವಾಗಿದೆ. ಆದುದರಿಂದ ಕೇಬಲು ಹರಿದಿದೆ. ಎರಡು ದಾರಿಗಳಲ್ಲಿ ಒಂದು ಯಾವಾಗಲೋ ಮುಚ್ಚಿಹೋಗಿತ್ತು. ಇನ್ನೊಂದು ಇರುವವರೆಗೆ ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಇನ್ನುಳಿದ ಪ್ರಶ್ನೆ ಒಂದೇ: ಕೇಬಲು ಹರಿದಿರುವುದು ಯಾವ ತುದಿಯಲ್ಲಿ? ಲ್ಯಾಚಿನ ತುದಿಯಲ್ಲಾದರೆ ಹಿಂದಿನ ಆಸನದ ಬೆನ್ನನ್ನು ಬಿಚ್ಚಿ ಒಳಗೆ ನುಸುಳಬೇಕು. ಆಸನದಲ್ಲಿ ಕುಳಿತ ತಾಯಿಯನ್ನು ಕುರ್ಚಿಯಿಲ್ಲದೆ ಇಳಿಸುವ ಹಾಗಿಲ್ಲ. ಹಿಡಿಯ ತುದಿಯಲ್ಲಾದರೆ ಎಲ್ಲವೂ ಸುಲಭ. ಸದ್ದು ಎಲ್ಲಿಂದ ಬಂದಿತೆಂದು ಉಸ್ತಾದರು ಕೇಳಿದರು. ಉತ್ತರ ಕೊಟ್ಟವರು ಯಜಮಾನರಲ್ಲ, ಹಿಂದೆ ಕುಳಿತಿದ್ದ ಆ ತಾಯಿ.

“ಮುಂದಿನಿಂದ. ನನ್ನ ಬೆನ್ನ ಹಿಂದೆ ಏನೂ ಸದ್ದಾಗಲಿಲ್ಲ.”

ಶಿಷ್ಯನು ಚಾಲಕನ ಬಾಗಿಲಿನ ಹೊಸ್ತಿಲ ಬಳಿಯ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಎಬ್ಬಿಸಿ, ಹಾಸನ್ನು ಮಡಿಸಿದನು. ಹಿಡಿಯ ಬುಡದಲ್ಲಿ ಕೇಬಲಿನ ಎಳೆಗಳು ಪೊರಕೆಯ ತುದಿಯಂತೆ ಬಿಚ್ಚಿಕೊಂಡು ನಿಂತಿದ್ದವು. ಹೊರಕವಚದಿಂದ ಅಂಗುಲದಷ್ಟು ತಂತಿ ಇನ್ನೂ ಈಚೆಗೆ ಉಳಿದಿತ್ತು. ಉಸ್ತಾದರು ಅದನ್ನು ಇಕ್ಕಳದಿಂದ ಕಚ್ಚಿ ಹಿಡಿದರು. ಆದರೆ ಕೂಡಲೇ ಎಳೆಯಲಿಲ್ಲ. ಶಿಷ್ಯನನ್ನು ಹಿಂದಕ್ಕೆ ಕಳುಹಿಸಿ, ಎರಡು ಅಂಗೈಗಳಿಂದಲೂ ಮುಚ್ಚಳವನ್ನು ಕೆಳಕ್ಕೆ ಒತ್ತುವಂತೆ ಹೇಳಿದರು. ತೆರೆಯಬೇಕಾದದ್ದನ್ನು ಒತ್ತಿ ಮುಚ್ಚುವುದು ನೋಡುವವರಿಗೆ ವಿಚಿತ್ರವಾಗಿ ಕಂಡಿತು. ಆದರೆ ಅಂಚಿನ ರಬ್ಬರು ಮುಚ್ಚಳವನ್ನು ಸದಾ ಮೇಲಕ್ಕೆ ನೂಕುತ್ತಿರುತ್ತದೆ. ಆ ನೂಕಿಗೆ ಲ್ಯಾಚಿನ ಕೊಕ್ಕೆ ಕೊಂಡಿಯನ್ನು ಇನ್ನಷ್ಟು ಬಿಗಿಯಾಗಿ ಕಚ್ಚುತ್ತದೆ. ಒತ್ತಿದಾಗ ಕೊಕ್ಕೆಯ ಮೇಲಿನ ಭಾರ ಇಳಿಯುತ್ತದೆ. ಸವೆದ ತಂತಿಯ ಉಳಿದ ಎಳೆಗಳು ಬೇಡುವುದು ಅಷ್ಟೇ ಕನಿಕರ.

“ಒತ್ತು... ಇನ್ನೂ ಒತ್ತು... ಬಿಡು!”

‘ಕಟ್’ ಎಂದಿತು. ಮುಚ್ಚಳ ತಾನಾಗಿ ನಾಲ್ಕು ಬೆರಳು ಮೇಲೆದ್ದಿತು. ಐದೂ ಮೂವತ್ತೈದಕ್ಕೆ ಗಾಲಿಕುರ್ಚಿ ನೆಲ ಮುಟ್ಟಿತು. ಆ ತಾಯಿ ಅದರಲ್ಲಿ ಕುಳಿತು, ಸೆರಗನ್ನು ಸರಿಪಡಿಸಿಕೊಂಡು, ಉಸ್ತಾದರಿಗೆ ಕೈ ಮುಗಿದು ಒಳಗೆ ಹೋದರು. ಯಜಮಾನರು ಕಾರಿನ ಕೈಯನ್ನು, ಈ ಮೊದಲು ಕಂಡರಿಯದ ಆ ಮನುಷ್ಯನಿಗೆ ಕೊಟ್ಟು ಹಿಂದೆಯೇ ನಡೆದರು.

ಕಾರಣದ ಕಾರಣ

ತೆರೆಯುವುದು ಬೇರೆ, ದುರಸ್ತು ಮಾಡುವುದು ಬೇರೆ. ಹೊಸ ಕೇಬಲು ಹಾಕಿ ಹಣ ಎಣಿಸಿಕೊಂಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆರು ತಿಂಗಳಿಗೆ ಅದೂ ಹರಿಯುತ್ತಿತ್ತು, ಅಷ್ಟೆ. ಕೇಬಲು ಹರಿದದ್ದು ಕೇಬಲಿನ ದೋಷದಿಂದಲ್ಲ. ಆಟೋ ತಾಗಿದಾಗ ಹಿಂದಿನ ತಗಡು ಕೂದಲೆಳೆಯಷ್ಟು ಒಳಗೆ ಸರಿದಿತ್ತು. ಅದರೊಡನೆ ಕೊಂಡಿಯೂ ಸರಿದಿತ್ತು. ಕೊಕ್ಕೆ ಓರೆಯಾಗಿ ಕಚ್ಚತೊಡಗಿತು. ಹಳೆಯ ಗ್ರೀಸು ಧೂಳಿನೊಡನೆ ಕಲೆತು ಅಂಟಾಗಿತ್ತು. ಬಿಗಿಯಾದದ್ದನ್ನು ಬಲವಾಗಿ ಎಳೆದರು. ಎಳೆದಷ್ಟು ಸಲವೂ ತಂತಿಯ ಒಂದೊಂದು ಎಳೆ ಕಡಿಯಿತು. ಕೊನೆಯ ಎಳೆ ಮೊಮ್ಮಗಳ ರಂಗಪ್ರವೇಶದ ದಿನವನ್ನು ಆರಿಸಿಕೊಂಡಿತು.

ಒಳಗೆ ಪುಷ್ಪಾಂಜಲಿ ನಡೆಯುತ್ತಿದ್ದಾಗ ಹೊರಗೆ ಕೆಲಸ ಕ್ರಮವಾಗಿ ಸಾಗಿತು. ಹರಿದ ಕೇಬಲನ್ನು ಹೊರಗೆಳೆಯುವ ಮೊದಲು ಶಿಷ್ಯನು ಅದರ ತುದಿಗೆ ಗಟ್ಟಿ ದಾರವೊಂದನ್ನು ಕಟ್ಟಿದನು. ಹಳೆಯದು ಹಿಂದಿನಿಂದ ಹೊರಬಂದಂತೆ ದಾರ ಅದರ ಜಾಗಕ್ಕೆ ಒಳಹೋಯಿತು. ಹೊಸ ಕೇಬಲನ್ನು ದಾರಕ್ಕೆ ಕಟ್ಟಿ ಮರಳಿ ಎಳೆದಾಗ ಅದು ಹಾದಿ ತಪ್ಪದೆ ಬಂದು ಸೇರಿತು. ಕಾರಿನ ಹೊಟ್ಟೆಯನ್ನೆಲ್ಲ ಬಿಚ್ಚುವ ಕಷ್ಟ ಒಂದು ಮಾರು ದಾರದಿಂದ ತಪ್ಪಿತು.

ಮುಚ್ಚಳದ ಒಳಗಡೆ ಉರುಳೆಯ ಬಾಲಕ್ಕೂ ಸರಳಿಗೂ ನಡುವೆ ಇರಬೇಕಾದ ಪ್ಲಾಸ್ಟಿಕ್ಕಿನ ಕ್ಲಿಪ್ಪು ಮುರಿದು ಮೂಲೆಯಲ್ಲಿ ಬಿದ್ದಿತ್ತು. ಬಿಸಿಲಿಗೆ ಪ್ಲಾಸ್ಟಿಕ್ಕು ಕಾಲಕ್ರಮದಲ್ಲಿ ಪೆಡಸಾಗುವುದು ಸಹಜ. ಒಂದು ಲೋಟ ಕಾಫಿಗಿಂತ ಅಗ್ಗವಾದ ಈ ತುಣುಕು ಇಲ್ಲವೆಂದು ಬೀಗವನ್ನೇ ಬದಲಾಯಿಸುವವರೂ ಉಂಟು. ಬೀಗ ಬದಲಾದರೆ ಡಿಕ್ಕಿಗೊಂದು ಕೈ, ಬಾಗಿಲಿಗೊಂದು ಕೈ. ಮನೆಯಲ್ಲಿ ನಿತ್ಯ ಹುಡುಕಾಟ.

ಲ್ಯಾಚನ್ನು ಸೀಮೆಎಣ್ಣೆ ಮತ್ತು ಕುಂಚದಿಂದ ತೊಳೆದು, ಒರೆಸಿ, ಒಣಗಿಸಿ, ಬಿಳಿಯ ಗ್ರೀಸನ್ನು ತೆಳ್ಳಗೆ ಸವರಿದರು. ಬೀಗದ ಕೈ ಹೋಗುವ ತೂತಿಗೆ ಮಾತ್ರ ಗ್ರೀಸೂ ಇಲ್ಲ, ಅಡುಗೆಯ ಎಣ್ಣೆಯೂ ಇಲ್ಲ. ಅಲ್ಲಿಗೆ ಎಣ್ಣೆ ಹಾಕಿದರೆ ಇಂದು ನುಣುಪು, ನಾಳೆ ಧೂಳಿನ ಕೆಸರು. ಅದಕ್ಕೆ ಗ್ರಾಫೈಟಿನ ಪುಡಿಯೇ ತಕ್ಕ ಔಷಧ. ಪುಡಿ ದೊರೆಯದಿದ್ದರೆ ಮೃದುವಾದ ಪೆನ್ಸಿಲಿನ ಸೀಸವನ್ನು ಬೀಗದ ಕೈಗೆ ಚೆನ್ನಾಗಿ ತೀಡಿ ನಾಲ್ಕಾರು ಸಲ ಒಳಗೆ ಹೊರಗೆ ಆಡಿಸಿದರೂ ಸಾಕು. ಪೆನ್ಸಿಲಿನ ಸೀಸವೆಂಬುದು ಸೀಸವಲ್ಲ, ಜೇಡಿಮಣ್ಣು ಬೆರೆತ ಗ್ರಾಫೈಟೇ.

ಕೊಂಡಿಯನ್ನು ಸರಿಸುವ ಮೊದಲು ಅದರ ಸುತ್ತ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಹೊಸ ಜಾಗ ಸರಿಬಾರದಿದ್ದರೆ ಹಳೆಯದಕ್ಕೆ ಹಿಂದಿರುಗಲು ಗುರುತು ಬೇಕಲ್ಲ! ಎರಡು ಬೋಲ್ಟುಗಳನ್ನು ಪೂರ್ತಿ ಬಿಚ್ಚದೆ ಸಡಿಲಿಸಿ, ಕೊಂಡಿಯನ್ನು ಬೆರಳಿನಿಂದ ಚೂರೇ ಚೂರು ಹಿಂದಕ್ಕೆ ತಂದು ಬಿಗಿದರು. ಇನ್ನು ಮುಚ್ಚಿ ನೋಡುವುದೊಂದೇ ಬಾಕಿ ಎಂದು ನೋಡುವವರು ಎಣಿಸಿದ್ದರು. ಉಸ್ತಾದರು ಮುಚ್ಚಲಿಲ್ಲ. ಮುಚ್ಚಳವನ್ನು ತೆರೆದಿಟ್ಟುಕೊಂಡೇ ಸ್ಕ್ರೂಡ್ರೈವರಿನ ತುದಿಯಿಂದ ಕೊಕ್ಕೆಬಾಯಿಯನ್ನು ಒತ್ತಿ ಮುಚ್ಚಿಸಿದರು. ಹಿಡಿ ಎಳೆದು ತೆರೆಸಿದರು. ಮತ್ತೆ ಮುಚ್ಚಿಸಿ ಬೀಗದ ಕೈಯಿಂದ ತೆರೆಸಿದರು. ಎರಡು ದಾರಿಗಳೂ ಮೂರು ಮೂರು ಸಲ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಮುಚ್ಚಳ ಕೆಳಗಿಳಿಯಿತು. ಪರೀಕ್ಷೆ ಮಾಡದೆ ಮುಚ್ಚಿದವನು ತನ್ನ ಕೆಲಸದ ತಪ್ಪನ್ನು ಒಳಗಿಟ್ಟು ಬೀಗ ಹಾಕಿದಂತೆ.

ಕೊನೆಗೆ ಕಾಗದದ ಪರೀಕ್ಷೆ. ದಿನಪತ್ರಿಕೆಯ ಒಂದು ಪಟ್ಟಿಯನ್ನು ರಬ್ಬರಿನ ಮೇಲೆ ಇಟ್ಟು ಮುಚ್ಚಿ, ಹೊರಗಿನಿಂದ ಎಳೆದು ನೋಡುವುದು. ಸುತ್ತಲೂ ಒಂದೇ ಬಿಗಿ ಇದ್ದರೆ ಮುಚ್ಚಳ ಸಮವಾಗಿ ಕೂತಿದೆ. ಒಂದು ಕಡೆ ಕಾಗದ ಜಾರಿ ಬಂದರೆ ಮಳೆಯ ನೀರೂ ಅಲ್ಲಿಂದಲೇ ಒಳಬರುತ್ತದೆ, ಅದರ ಹಿಂದೆ ತುಕ್ಕು ಬರುತ್ತದೆ.

ನೃತ್ಯ ಮುಗಿದು ಜನ ಹೊರಬಂದಾಗ ಕಾರು ನಿಂತಲ್ಲಿಯೇ ನಿಂತಿತ್ತು. ಯಜಮಾನರು ಕೇಳಿದ ಪ್ರಶ್ನೆಗೆ ಉಸ್ತಾದರು ಕೇಬಲಿನ ಬೆಲೆ, ಕ್ಲಿಪ್ಪಿನ ಬೆಲೆ, ಎರಡು ಗಂಟೆಯ ಕೂಲಿ ಇಷ್ಟನ್ನು ಬೇರೆ ಬೇರೆಯಾಗಿ ಹೇಳಿದರು. ಡಿಕ್ಕಿಯನ್ನು ತೆರೆದುದಕ್ಕೆ ಪ್ರತ್ಯೇಕವಾಗಿ ಏನನ್ನೂ ಕೇಳಲಿಲ್ಲ. ತಿಂಗಳಿಗೊಮ್ಮೆ ಕೈಯಿಂದಲೂ ತೆರೆಯಬೇಕೆಂಬುದೊಂದೇ ಅವರು ಹೆಚ್ಚಾಗಿ ಹೇಳಿದ ಮಾತು.

ಒಳಗಿನಿಂದ ತೆರೆಯುವ ಹಿಡಿ

ಡಿಕ್ಕಿಯ ಬೀಗವನ್ನು ಹೊರಗಿನಿಂದ ತೆರೆಯುವ ಮಾತಷ್ಟೇ ಆದರೆ ಅದು ಅನುಕೂಲದ ಪ್ರಶ್ನೆ. ಒಳಗಿನಿಂದ ತೆರೆಯುವ ಮಾತು ಬಂದರೆ ಪ್ರಾಣದ ಪ್ರಶ್ನೆ. ಅಮೆರಿಕದಲ್ಲಿ 1998ರ ಬೇಸಿಗೆಯ ಕೆಲವೇ ವಾರಗಳಲ್ಲಿ, ಮೂರು ಬೇರೆ ಬೇರೆ ದುರಂತಗಳಲ್ಲಿ, 11 ಮಕ್ಕಳು ಕಾರಿನ ಡಿಕ್ಕಿಗಳಲ್ಲಿ ಸಿಕ್ಕಿಕೊಂಡು ಪ್ರಾಣ ಬಿಟ್ಟರು. ಅದಕ್ಕೆ ಮುಂಚೆ, 1995ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಜ್ಯಾನೆಟ್ ಫೆನೆಲ್ ಎಂಬ ಮಹಿಳೆಯನ್ನೂ ಆಕೆಯ ಪತಿಯನ್ನೂ ದರೋಡೆಗಾರರು ಅವರದೇ ಕಾರಿನ ಡಿಕ್ಕಿಯೊಳಗೆ ತುಂಬಿ ಮುಚ್ಚಿದ್ದರು. ಆಕೆ ಬದುಕಿ ಬಂದರು, ಬಂದವರು ಸುಮ್ಮನಿರಲಿಲ್ಲ. ಒಳಗಿನಿಂದ ತೆರೆಯುವ ಹಿಡಿಯೊಂದು ಪ್ರತಿ ಕಾರಿನಲ್ಲಿಯೂ ಇರಬೇಕೆಂದು ವರ್ಷಗಟ್ಟಲೆ ವಾದಿಸಿದರು. 2001ರ ಸೆಪ್ಟೆಂಬರಿನಿಂದ ಅಮೆರಿಕದಲ್ಲಿ ಡಿಕ್ಕಿಯುಳ್ಳ ಹೊಸ ಕಾರುಗಳಿಗೆ ಅದು ಕಡ್ಡಾಯವಾಯಿತು. ಕತ್ತಲಲ್ಲಿ ತಾನೇ ಮಿನುಗುವ ಸಣ್ಣ ಹಿಡಿ ಅದು. ಅಕ್ಷರ ಬಾರದ ಮಗುವೂ ಅದನ್ನು ಎಳೆಯಬಲ್ಲುದು.

ಭಾರತದ ರಸ್ತೆಗಳಲ್ಲಿ ಓಡುವ ಎಲ್ಲ ಕಾರುಗಳಲ್ಲಿಯೂ ಆ ಹಿಡಿ ಇಲ್ಲ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಶಾಖ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಹುದು. ಕಣ್ಣಾಮುಚ್ಚಾಲೆಯಾಡುವ ಮಕ್ಕಳಿಗೆ ಡಿಕ್ಕಿಗಿಂತ ಒಳ್ಳೆಯ ಅಡಗುತಾಣ ಇನ್ನೆಲ್ಲಿ ಸಿಕ್ಕೀತು? ಆದುದರಿಂದ ಸರಿಯಾಗಿ ಮುಚ್ಚದ ಡಿಕ್ಕಿ, ತಾನಾಗಿ ತೆರೆದುಕೊಳ್ಳುವ ಡಿಕ್ಕಿ, ಕೈ ಬೇಡದೆ ಬಿಚ್ಚಿಕೊಳ್ಳುವ ಡಿಕ್ಕಿ, ಇವನ್ನು ‘ಇರಲಿ, ನೋಡೋಣ’ ಎಂದು ಮುಂದೂಡಲಾಗದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಾರಿನ ಕೈ ಅವರ ಕೈಗೆಟುಕಬಾರದು. ಆಟದ ಮಗು ಕಾಣದಾದರೆ ಬೀದಿಗೆ ಓಡುವ ಮೊದಲು ಕಾರಿನ ಒಳಗೂ ಡಿಕ್ಕಿಯ ಒಳಗೂ ನೋಡಬೇಕು.

ತಂತಿ ಹೋಗಿ ವಿದ್ಯುತ್ತು ಬಂದಾಗ

ಹೊಸ ಕಾರುಗಳ ಡಿಕ್ಕಿಯಲ್ಲಿ ಉದ್ದನೆಯ ಕೇಬಲು ಹೋಗಿ ವಿದ್ಯುತ್ತು ಬಂದಿದೆ. ಗುಂಡಿ ಒತ್ತಿದರೆ ಪುಟ್ಟ ಮೋಟಾರೊಂದು ಲ್ಯಾಚನ್ನು ಬಿಚ್ಚುತ್ತದೆ. ಓಣಿಯ ಉಸ್ತಾದರು ಇದಕ್ಕೂ ಹೆದರಿಲ್ಲ. ಪ್ರಶ್ನೆಗಳ ವರಸೆ ಬದಲಾಗಿದೆ, ರೀತಿ ಬದಲಾಗಿಲ್ಲ. ಗುಂಡಿ ಒತ್ತಿದಾಗ ಹಿಂದೆ ‘ಟಿಕ್’ ಎಂದು ಸದ್ದು ಬಂದರೆ ವಿದ್ಯುತ್ತು ತಲುಪಿದೆ, ದೋಷ ಕೊಕ್ಕೆಯಲ್ಲಿದೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸು, ಆಮೇಲೆ ತಂತಿ. ತಂತಿ ಕಡಿಯುವುದು ಬಹುಮಟ್ಟಿಗೆ ಮುಚ್ಚಳದ ಕೀಲಿನ ಬಳಿ. ಮುಚ್ಚಿ ತೆರೆದಾಗಲೆಲ್ಲ ಬಾಗಿ ಬಾಗಿ ದಣಿಯುವ ಜಾಗವದು. ಮುಚ್ಚಿದ ಮೇಲೂ ಒಳಗಿನ ದೀಪ ಆರದೆ ಉಳಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುವುದುಂಟು. ದೋಷ ಬ್ಯಾಟರಿಯದಲ್ಲ, ಮುಚ್ಚಿದೆಯೆಂದು ಸುದ್ದಿ ಮುಟ್ಟಿಸಬೇಕಾದ ಸ್ವಿಚ್ಚಿನದು.

ಆದರೆ ಕೆಲವು ಕಾರುಗಳಲ್ಲಿ ಲ್ಯಾಚು, ಮೋಟಾರು, ಸ್ವಿಚ್ಚು ಎಲ್ಲವೂ ಒಂದೇ ಮುಚ್ಚಿದ ಡಬ್ಬಿಯಲ್ಲಿ ಬರುತ್ತವೆ. ಅದನ್ನು ಬಿಚ್ಚಲು ಸ್ಕ್ರೂ ಇಲ್ಲ. ಒಂದು ಹಲ್ಲು ಮುರಿದರೂ ಇಡೀ ಡಬ್ಬಿಯನ್ನು ಎಸೆಯಬೇಕು. ಅಂಥ ಡಬ್ಬಿಯನ್ನು ಕೈಯಲ್ಲಿ ಹಿಡಿದ ಉಸ್ತಾದರ ಮುಖದಲ್ಲಿ ಕಾಣುವುದು ಸೋಲಲ್ಲ, ಒಂದು ಬಗೆಯ ಅವಮಾನ. ಕಾರಣ ಕಣ್ಣೆದುರಿಗಿದ್ದರೂ ಕೈ ಹಾಕುವ ಹಾಗಿಲ್ಲ. ಹರಿತವಾದ ಚಾಕುವಿನಿಂದ ಡಬ್ಬಿಯ ಅಂಚನ್ನು ಸೀಳಿ, ಒಳಗಿನ ಹಲ್ಲನ್ನು ಹೊಂದಿಸಿ, ಅಂಟು ಹಾಕಿ ಮುಚ್ಚುವ ಕೆಲಸವೂ ಓಣಿಗಳಲ್ಲಿ ನಡೆಯುತ್ತದೆ. ಕಾರ್ಖಾನೆ ಮುಚ್ಚಿದ್ದನ್ನು ಬೀದಿ ತೆರೆಯುತ್ತದೆ.

ಜೆ.ಸಿ. ರಸ್ತೆಗೆ ಹೋಗಬೇಕಾದ ಸಂದರ್ಭ ಬರುವ ಕುಟುಂಬಗಳು ಎರಡು ಮಾತು ನೆನಪಿಟ್ಟರೆ ಹಣವೂ ಹೊತ್ತೂ ಉಳಿದಾವು. ಹೋಗುವ ಮುನ್ನ ಕಾರಿನ ಮಾದರಿ ಮತ್ತು ತಯಾರಾದ ವರ್ಷವನ್ನು ಬರೆದುಕೊಳ್ಳಬೇಕು. ಒಂದೇ ಹೆಸರಿನ ಕಾರಿಗೆ ವರ್ಷಕ್ಕೊಂದು ಲ್ಯಾಚು ಇರಬಹುದು. ಬಿಚ್ಚಿದ ಹಳೆಯ ಭಾಗವನ್ನು ಎಸೆಯದೆ ಜೊತೆಗೆ ಒಯ್ಯಬೇಕು. ಅಂಗಡಿಯವನಿಗೆ ಸಾವಿರ ಮಾತಿಗಿಂತ ಒಂದು ಮುರಿದ ಕ್ಲಿಪ್ಪು ಹೆಚ್ಚು ಹೇಳುತ್ತದೆ. ಕೆಲಸಗಾರನನ್ನು ಆರಿಸುವ ಬಗೆ ಇನ್ನೂ ಸುಲಭ. ಕೈಯಲ್ಲಿ ಸುತ್ತಿಗೆ ಹಿಡಿದು ಬಂದವನನ್ನು ಬಿಟ್ಟು, ಬಾಯಲ್ಲಿ ಪ್ರಶ್ನೆ ಹಿಡಿದು ಬಂದವನನ್ನು ಕರೆಯುವುದು ಲೇಸು.